ಮೊದಲ ಪೆಟ್ಟು ಖಾಲಿ ಬಿಟ್ಟಾಗ

ಮೊದಲ ಹಾಡನ್ನು ನಾವು ಮೂರು ಸಲ ಮಾಡಿ ಮೂರು ಸಲ ಬಿಸಾಕಿದೆವು. ಬೀಟ್ ಚೆನ್ನಾಗಿತ್ತು. ಬೇಸ್ ಚೆನ್ನಾಗಿತ್ತು. ಗೆಳೆಯನ ದನಿಯಂತೂ ಚೆನ್ನಾಗಿಯೇ ಇತ್ತು. ಒಟ್ಟಿಗೆ ಹಾಕಿದರೆ ಮಾತ್ರ ಮೂವರು ಒಂದೇ ಬಾಗಿಲಲ್ಲಿ ಒಮ್ಮೆಗೇ ನುಗ್ಗಿದ ಹಾಗೆ ಕೇಳುತ್ತಿತ್ತು. ನಾಲ್ಕನೇ ಸಲ ಕೂತಾಗ ಒಂದು ಕಿಕ್ ಡ್ರಮ್ (ಕಾಲಲ್ಲಿ ಬಾರಿಸುವ ದಪ್ಪ ದನಿಯ ಡ್ರಮ್) ತೆಗೆದೆ, ಅಷ್ಟೇ. ಪ್ರತಿ ಬಾರ್‌ನ, ಅಂದರೆ ನಾಲ್ಕು ಎಣಿಕೆಯ ಪ್ರತಿ ಸುತ್ತಿನ, ಮೊದಲ ಪೆಟ್ಟು. ತಕ್ಷಣ ಹಾಡಿಗೆ ಉಸಿರಾಡಲು ಜಾಗ ಸಿಕ್ಕಿತು. ಹಿಪ್ ಹಾಪ್ ಮತ್ತು ಜಮೈಕಾದ ರೆಗೆ ಸಂಗೀತವನ್ನು ಕನ್ನಡದಲ್ಲಿ ಬೆಸೆದ, ಒಂಬತ್ತು ಹಾಡಿನ ನಮ್ಮ ಆಲ್ಬಂ ನಿಂತಿರುವುದು ಆ ಒಂದು ಖಾಲಿ ಜಾಗದ ಮೇಲೆ. ಹೇಗೆ ಮಾಡಿದಿರಿ ಅಂತ ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೆ ಬರೆಯುತ್ತಿದ್ದೇನೆ.

ನಾವು ಇಬ್ಬರು. ಬೀಟ್, ಬೇಸ್, ಹಾರ್ಮೋನಿಯಂ, ಮಿಕ್ಸಿಂಗ್ ನನ್ನ ಕೆಲಸ. ಪದ ಕಟ್ಟುವುದು, ಹಾಡುವುದು, ರ‍್ಯಾಪ್ ಮಾಡುವುದು ಅವನ ಕೆಲಸ. ನಾನು ಮೈಸೂರಿನವನು. ಚಿಕ್ಕವನಿದ್ದಾಗ ನಾಲ್ಕು ವರ್ಷ ಮೃದಂಗ ಕಲಿತು ಬಿಟ್ಟವನು. ಅವನು ಮುಧೋಳದ ಕಡೆಯವನು. ಅವರ ಅಜ್ಜ ಗೀಗೀ ಮೇಳದಲ್ಲಿ ಡಪ್ಪು ಬಾರಿಸುತ್ತಿದ್ದರು. ಇಬ್ಬರೂ ಬೆಂಗಳೂರಿನ ಕೆಂಗೇರಿಯಲ್ಲಿ ಒಂದೇ ಮಹಡಿಯಲ್ಲಿ ಬಾಡಿಗೆಗಿದ್ದೆವು. ಬ್ರೋಧಾ ವಿ, ಸ್ಮೋಕಿ ದ ಘೋಸ್ಟ್, ಎಂ.ಸಿ. ಬಿಜ್ಜು ಈ ರ‍್ಯಾಪರ್‌ಗಳನ್ನೆಲ್ಲ ಕೇಳುತ್ತಾ ಬೆಳೆದವರು. ಹಾಗಾಗಿ ಹಿಪ್ ಹಾಪ್ ನಮಗೆ ಮನೆಯ ಮಾತಿನ ಹಾಗೆ. ರೆಗೆ ಬಂದಿದ್ದು ಆಮೇಲೆ. ನ್ಯಾಸ್ ಮತ್ತು ಡೇಮಿಯನ್ ಮಾರ್ಲಿ ಸೇರಿ 2010ರಲ್ಲಿ ಮಾಡಿದ 'ಡಿಸ್ಟೆಂಟ್ ರಿಲೇಟಿವ್ಸ್' ಆಲ್ಬಂ ಕೇಳಿದ ರಾತ್ರಿ ಇಬ್ಬರೂ ನಿದ್ದೆ ಮಾಡಲಿಲ್ಲ. ಒಬ್ಬ ನ್ಯೂಯಾರ್ಕಿನ ರ‍್ಯಾಪರ್, ಇನ್ನೊಬ್ಬ ಜಮೈಕಾದ ಡೀಜೇ, ಅಂದರೆ ಅಲ್ಲಿ ತಾಳದ ಮೇಲೆ ಮಾತು ಹಾಡುವವನು. ಇಬ್ಬರೂ ತಮ್ಮ ಜಾಗ ಬಿಟ್ಟುಕೊಟ್ಟಿಲ್ಲ, ಆದರೂ ಹಾಡು ಒಂದೇ. ನಮಗೂ ಅದೇ ಬೇಕಿತ್ತು, ಕನ್ನಡದಲ್ಲಿ.

ಆ ಮೂರು ಸೋಲಿಗೆ ಒಂದು ಕಾರಣ, ರೆಗೆಯನ್ನು ನಾವು ಮಸಾಲೆ ಅಂದುಕೊಂಡಿದ್ದು. ಹಿಪ್ ಹಾಪ್ ಹಾಡಿನ ಮೇಲೆ ಸ್ವಲ್ಪ ಉದುರಿಸಿದರೆ ಸಾಕು ಅನ್ನೋ ಲೆಕ್ಕ. ಆದರೆ ಎರಡರ ಬೇರೂ ಒಂದೇ ಅಂಗಳದಲ್ಲಿದೆ. ಹಿಪ್ ಹಾಪ್ ಹುಟ್ಟಿದ್ದು ಅಂತ ಎಲ್ಲರೂ ಹೇಳುವ ಪಾರ್ಟಿ ನಡೆದದ್ದು 1973ರ ಆಗಸ್ಟ್ 11ರಂದು, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಸೆಡ್ಜ್‌ವಿಕ್ ಅವೆನ್ಯೂ 1520ನೇ ನಂಬರಿನ ಕಟ್ಟಡದಲ್ಲಿ. ಶಾಲೆಗೆ ಹೊಸ ಬಟ್ಟೆ ಕೊಳ್ಳಲು ದುಡ್ಡು ಬೇಕು ಅಂತ ಸಿಂಡಿ ಕ್ಯಾಂಪ್‌ಬೆಲ್ ಆ ಪಾರ್ಟಿ ಇಟ್ಟಿದ್ದಳು. ರೆಕಾರ್ಡ್ ಹಾಕಿದ್ದು ಅವಳ ಅಣ್ಣ ಕ್ಲೈವ್, ಅಂದರೆ ಡೀಜೇ ಕೂಲ್ ಹರ್ಕ್. ಅವನು ಹುಟ್ಟಿದ್ದು ಜಮೈಕಾದ ಕಿಂಗ್‌ಸ್ಟನ್‌ನಲ್ಲಿ. ಬ್ರಾಂಕ್ಸ್‌ಗೆ ಬಂದಿದ್ದು 1967ರಲ್ಲಿ. ದೊಡ್ಡ ಸ್ಪೀಕರ್ ಜೋಡಿಸಿ ಬೀದಿಯನ್ನೇ ನಡುಗಿಸುವ ಸೌಂಡ್ ಸಿಸ್ಟಂ ಹುಚ್ಚು ಅವನ ಜೊತೆಗೇ ಬಂದಿತ್ತು. ಹಾಡಿನ ಮಧ್ಯೆ ಮೈಕ್ ಹಿಡಿದು ಜನರನ್ನು ಮಾತಾಡಿಸುವ ರೂಢಿಯೂ ಊರಿನದೇ. ಕಿಂಗ್‌ಸ್ಟನ್‌ನಲ್ಲಿ ಕಿಂಗ್ ಟಬ್ಬಿಯ ಸೌಂಡ್ ಸಿಸ್ಟಂ ಮೇಲೆ ಯು-ರಾಯ್ ಮಾಡುತ್ತಿದ್ದ 'ಟೋಸ್ಟಿಂಗ್' ಇದೇ. ಹೀಗಾಗಿ ಹೊಸದಾಗಿ ಸೇರಿಸುವುದು ಏನೂ ಇರಲಿಲ್ಲ. ಬೇರೆಯಾಗಿ ಹೋದ ಅಣ್ಣ ತಮ್ಮಂದಿರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಬೇಕಿತ್ತು.

ಈಗ ಪೆಟ್ಟಿನ ವಿಷಯಕ್ಕೆ ಬರುತ್ತೇನೆ.

ಕಂಪ್ಯೂಟರಿನಲ್ಲಿ ವೇಗವನ್ನು 150 ಬಿಪಿಎಂಗೆ, ಅಂದರೆ ನಿಮಿಷಕ್ಕೆ 150 ಎಣಿಕೆಗೆ, ಇಡಿ. ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸಿ. ರೆಗೆಯ 'ಒನ್ ಡ್ರಾಪ್' ತಾಳದಲ್ಲಿ ಒಂದರ ಮೇಲೆ ಏನೂ ಇಲ್ಲ. ಎರಡು ಮತ್ತು ನಾಲ್ಕರ ಮೇಲೆ ಗಿಟಾರ್ 'ಚಕ್' ಅಂತ ಕಚ್ಚುತ್ತದೆ. ಅದಕ್ಕೆ 'ಸ್ಕ್ಯಾಂಕ್' ಅಂತ ಹೆಸರು. ಕಿಕ್ ಮತ್ತು ಸ್ನೇರ್ ಅನ್ನೋ ಚುರುಕು ದನಿಯ ಡ್ರಮ್ಮಿನ ಅಂಚಿನ ಪೆಟ್ಟು ಎರಡೂ ಜೊತೆಯಾಗಿ ಮೂರರ ಮೇಲೆ ಬೀಳುತ್ತವೆ. ಬಾಬ್ ಮಾರ್ಲಿಯ ವೇಲರ್ಸ್ ತಂಡದ ಡ್ರಮ್ಮರ್ ಕಾರ್ಲ್‌ಟನ್ ಬ್ಯಾರೆಟ್ ಈ ತಾಳವನ್ನು ಲೋಕಕ್ಕೆಲ್ಲ ಪರಿಚಯಿಸಿದವನು. ಅವನ ಡ್ರಮ್ಮನ್ನು ಮಾತ್ರ ಗಮನವಿಟ್ಟು ಕೇಳಿ. ಸಮದಲ್ಲಿ, ಅಂದರೆ ಒಂದರ ಮೇಲೆ, ಬೀಳಬೇಕಾದ ಪೆಟ್ಟು ಬೀಳುವುದೇ ಇಲ್ಲ. ಕಾಲು ಮೆಟ್ಟಿಲಿಗೆ ಅಂತ ಇಟ್ಟಾಗ ಮೆಟ್ಟಿಲು ಸಿಗದ ಹಾಗೆ ಆಗುತ್ತದೆ. ಮೂರಕ್ಕೆ ಹೋಗಿ ನೆಲ ಸಿಗುತ್ತದೆ.

ಇನ್ನು ಟ್ರ್ಯಾಪ್ ಅನ್ನುವ ಈಗಿನ ಹಿಪ್ ಹಾಪ್ ತಾಳ ನೋಡಿ. ಅದೇ 150 ಬಿಪಿಎಂ. ಅಲ್ಲೂ ಸ್ನೇರ್ ಬೀಳುವುದು ಮೂರರ ಮೇಲೆಯೇ! ನನಗೆ ಇದು ಹೊಳೆದಾಗ ರಾತ್ರಿ ಎರಡು ಗಂಟೆ, ಹೋಗಿ ಗೆಳೆಯನ ಬಾಗಿಲು ತಟ್ಟಿದೆ. ಟ್ರ್ಯಾಪ್‌ನಲ್ಲಿ ಒಂದರ ಮೇಲೆ ದಪ್ಪ ಕಿಕ್ ಇದೆ, ರೆಗೆಯಲ್ಲಿ ಇಲ್ಲ. ಹೈ-ಹ್ಯಾಟ್ ಅನ್ನೋ ಜೋಡಿ ತಟ್ಟೆಯ ಹೆಣಿಗೆ ಬೇರೆ, ಬೇಸ್ ನಡೆ ಬೇರೆ, ಅದು ನಿಜ. ಆದರೆ ಬೆನ್ನುಮೂಳೆ ಒಂದೇ. ಅಂದರೆ ವೇಗ ಬದಲಿಸದೆ, ಹಾಡು ನಿಲ್ಲಿಸದೆ, ಬರೀ ಮೊದಲ ಪೆಟ್ಟನ್ನು ಹಾಕಿ ಅಥವಾ ತೆಗೆದು ಒಂದರಿಂದ ಇನ್ನೊಂದಕ್ಕೆ ದಾಟಬಹುದು. ನಮ್ಮ ಎರಡನೇ ಹಾಡು ಪೂರ್ತಿ ಇದೇ ಆಟ. ಪದ ಹೇಳುವಾಗ ಕಿಕ್ ಇದೆ, ಪಲ್ಲವಿ ಬಂದಾಗ ಕಿಕ್ ಕಳಚಿಕೊಳ್ಳುತ್ತದೆ. ಬೇರೇನೂ ಬದಲಾಗುವುದಿಲ್ಲ. ಕೇಳಿದವರು "ಇಲ್ಲಿ ಸ್ಪೀಡ್ ಕಡಿಮೆ ಮಾಡಿದ್ದೀರಾ?" ಅಂತ ಕೇಳುತ್ತಾರೆ. ಇಲ್ಲ, ಅದೇ 150.

ತಾಳ ಸಿಕ್ಕಿತು, ದನಿ ಸಿಕ್ಕಲಿಲ್ಲ. ಕನ್ನಡದಲ್ಲಿ ಮಾತಿನ ಒತ್ತು ಮೊದಲ ಅಕ್ಷರದ ಮೇಲೆ. 'ಮಳೆ', 'ಕೆಲಸ', 'ಬಾಡಿಗೆ', ಯಾವುದನ್ನೇ ಹೇಳಿ ನೋಡಿ, ತೂಕ ಇರುವುದು ಶುರುವಿನಲ್ಲೇ. ಗೆಳೆಯ ಪ್ರತಿ ಸಾಲನ್ನೂ ಒಂದರ ಮೇಲೆ ಗುದ್ದಿ ಶುರು ಮಾಡುತ್ತಿದ್ದ. ಹಿಪ್ ಹಾಪ್‌ನಲ್ಲಿ ಅದು ಸರಿ, ಕೆಳಗೆ ಕಿಕ್ ಇರುತ್ತದೆ, ಎರಡೂ ಸೇರಿ ಗಟ್ಟಿ ಆಗುತ್ತವೆ. ಒನ್ ಡ್ರಾಪ್‌ನಲ್ಲಿ ಆ ಜಾಗ ಖಾಲಿ. ಇವನ ದನಿ ಒಂದೇ ಅಲ್ಲಿ ಬೆತ್ತಲೆಯಾಗಿ ನಿಲ್ಲುತ್ತಿತ್ತು. ಖಾಲಿ ಇರಬೇಕಾದ ಜಾಗ ತುಂಬಿಹೋಗುತ್ತಿತ್ತು.

ಒಂದು ವಾರ ಇದರ ಮೇಲೆಯೇ ಕೆಲಸ ಮಾಡಿದೆವು. ಅವನು ಮೊಣಕಾಲ ಮೇಲೆ ಕೈ ತಟ್ಟಿ 'ಒಂದು' ಅಂತ ಮನಸ್ಸಲ್ಲೇ ಹೇಳಿಕೊಂಡು, ಎರಡರ ಸ್ಕ್ಯಾಂಕ್ ಕೇಳಿದ ಮೇಲೆ ಬಾಯಿ ತೆಗೆಯುವುದು. ಹಾಗೆ ಮಾಡಿದಾಗ ಮಾತಿನ ಎರಡನೇ ಒತ್ತು ತಾನಾಗಿಯೇ ಮೂರರ ಮೇಲೆ ಬಂದು ಕೂರುತ್ತದೆ, ಕಿಕ್ ಜೊತೆಗೆ. ಮೊದಮೊದಲು ಅವನಿಗೆ ಉಸಿರು ಕಟ್ಟಿದಂತೆ ಆಗುತ್ತಿತ್ತು. ಆಮೇಲೆ ಅಭ್ಯಾಸ ಆಯಿತು. ಪಲ್ಲವಿಯಲ್ಲಿ ಮಾತ್ರ ನಿಯಮ ಮುರಿದೆವು. ಅಲ್ಲಿ ಒಂದೇ ಒಂದು ಪದ ಒಂದರ ಮೇಲೆ ಬೀಳುತ್ತದೆ. ಡ್ರಮ್ ಇಲ್ಲದ ಕಡೆ ದನಿಯೇ ಡ್ರಮ್. ಇಡೀ ಹಾಡಿನಲ್ಲಿ ಅಲ್ಲೊಂದೇ ಕಡೆ ಬರುವುದರಿಂದ ಅದಕ್ಕೆ ಅಷ್ಟು ಬಲ.

ಡ್ಯಾನ್ಸ್‌ಹಾಲ್ ವಿಷಯದಲ್ಲಿ ನನ್ನ ಹಳೇ ಮೃದಂಗದ ಪಾಠ ಕೈ ಹಿಡಿಯಿತು. ಡ್ಯಾನ್ಸ್‌ಹಾಲ್ ಅಂದರೆ ರೆಗೆಯ ಮುಂದಿನ ತಲೆಮಾರು. 1985ರಲ್ಲಿ ಕಿಂಗ್ ಜ್ಯಾಮಿ ಹೊರತಂದ 'ಸ್ಲೆಂಗ್ ಟೆಂಗ್' ರಿಡಿಮ್ (ಹಾಡಿನ ಕೆಳಗೆ ಓಡುವ ಬೀಟ್ ಮತ್ತು ಬೇಸ್) ಬಂದಮೇಲೆ ಅದು ಪೂರ್ತಿ ಡಿಜಿಟಲ್ ದಾರಿ ಹಿಡಿಯಿತು. ಆ ರಿಡಿಮ್ ಬಂದದ್ದು ಕ್ಯಾಸಿಯೋ ಎಂಟಿ-40 ಅನ್ನೋ ಸಣ್ಣ ಮನೆಬಳಕೆಯ ಕೀಬೋರ್ಡಿನಲ್ಲಿ ಮೊದಲೇ ತುಂಬಿಸಿಟ್ಟಿದ್ದ ಒಂದು ತಾಳದಿಂದ. ಅದನ್ನು ರೂಪಿಸಿದವರು ಜಪಾನಿನ ಹಿರೋಕೋ ಒಕುಡಾ. ದೊಡ್ಡ ಸ್ಟುಡಿಯೋ ಇಲ್ಲ ಅಂತ ಕೊರಗುವ ಹುಡುಗರಿಗೆ ನಾನು ಯಾವಾಗಲೂ ಈ ಕಥೆ ಹೇಳುತ್ತೇನೆ.

ಆ ಕಾಲದ ಡ್ಯಾನ್ಸ್‌ಹಾಲ್‌ನ ಮೂಲ ನಡೆ ಏನು ಗೊತ್ತಾ? ತಕಿಟ ತಕಿಟ ತಕ. ಮೂರು, ಮೂರು, ಎರಡು. ಮೊದಲ 'ತ' ಮೇಲೆ ಕಿಕ್. ಎರಡನೇ ತಕಿಟದ 'ತ' ಮೇಲೆ ಕಿಕ್. ಕೊನೆಯ ತಕದ 'ತ' ಮೇಲೆ ಸ್ನೇರ್. ಬೂಮ್, ಬೂಮ್, ಚಕ್. ಬಾಯಲ್ಲಿ ಹೇಳಿಕೊಂಡು ಕೈಯಲ್ಲಿ ತಟ್ಟಿ ನೋಡಿ, ಸೊಂಟ ತಾನಾಗಿ ಅಲ್ಲಾಡುತ್ತದೆ. ವೇಗ 96ರ ಆಸುಪಾಸು ಇಟ್ಟುಕೊಂಡೆವು. ಹಳೇ ಬೂಮ್-ಬ್ಯಾಪ್ ಹಿಪ್ ಹಾಪ್ ಕೂಡ ಅದೇ ವೇಗದಲ್ಲಿ ನಡೆಯುತ್ತದೆ. ಹಾಗಾಗಿ ಇಲ್ಲೂ ದಾಟುವ ದಾರಿ ತೆರೆದೇ ಇತ್ತು.

ಗೆಳೆಯನಿಗೆ ತಕಿಟ ಹೇಳಿಕೊಟ್ಟೆ. ಅವನು ಮಾತ್ರೆ ಲೆಕ್ಕ ಹಿಡಿದ. ಶಾಲೆಯಲ್ಲಿ ಲಘು, ಗುರು ಅಂತ ಗೀಟು ಹಾಕಿ ಪ್ರಸ್ತಾರ ಮಾಡುತ್ತಿದ್ದೆವಲ್ಲ, ಅದೇ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಅರ್ಧ ಗಂಟೆಯಲ್ಲಿ ಒಂದು ಸಾಲು ತಂದ: "ಹಗಲು ಇರುಳು ದುಡಿ, ಕೊನೆಯ ಬಸ್ಸು ಹಿಡಿ." ಎಣಿಸಿ ನೋಡಿ. ಹಗಲು ಮೂರು, ಇರುಳು ಮೂರು, ದುಡಿ ಎರಡು. ಕೊನೆಯ ಮೂರು, ಬಸ್ಸು ಮೂರು, ಹಿಡಿ ಎರಡು. ಎಳೆಯುವುದು, ನುಂಗುವುದು ಏನೂ ಬೇಡ. ಸಾಲನ್ನು ಹಾಗೇ ಮಾತಾಡಿದರೂ ಡ್ಯಾನ್ಸ್‌ಹಾಲ್ ತಾಳದ ಮೇಲೆ ಕೂರುತ್ತದೆ. ಕೆಂಗೇರಿಯಿಂದ ದಿನಾ ಮೆಜೆಸ್ಟಿಕ್‌ವರೆಗೆ ಬಸ್ಸಲ್ಲಿ ಹೋಗಿಬರುವ ಅವನ ಬದುಕೂ ಆ ಎಂಟು ಮಾತ್ರೆಯಲ್ಲಿ ಇತ್ತು.

ಭಾಮಿನಿ ಷಟ್ಪದಿಯ ನಡೆಯನ್ನೂ ಪ್ರಯತ್ನಿಸಿದೆವು. ಅದು ಮೂರು ನಾಲ್ಕು, ಮೂರು ನಾಲ್ಕು. "ನಾಳೆ ಬಾಡಿಗೆ, ಇಂದು ಬರಿಗೈ." ಒಂದೊಂದು ತುಂಡೂ ಏಳು ಮಾತ್ರೆ. ನಮ್ಮ ತಾಳ ಎಂಟು. ಉಳಿದ ಒಂದು ಮಾತ್ರೆಗೆ ಏನಾದರೂ ತುಂಬಿಸೋಣ ಅಂತ ಅವನು, ಬೇಡ ಅಂತ ನಾನು. ಕೊನೆಗೆ ಹಾಗೇ ಬಿಟ್ಟೆವು. 'ಬಾಡಿಗೆ' ಅಂದಮೇಲೆ ಒಂದು ಮಾತ್ರೆ ಮೌನ, 'ಬರಿಗೈ' ಅಂದಮೇಲೆ ಒಂದು ಮಾತ್ರೆ ಮೌನ. ತಿಂಗಳ ಕೊನೆಯಲ್ಲಿ ಜೇಬು ತಡಕಿದವರಿಗೆ ಆ ಮೌನ ಏನು ಅಂತ ಗೊತ್ತು.

ಪ್ರಾಸದ ಬಗ್ಗೆ ಸ್ವಲ್ಪ ಹೇಳಲೇಬೇಕು. ಕನ್ನಡದಲ್ಲಿ ರ‍್ಯಾಪ್ ಮಾಡುವವರು ಬೀಳುವ ಹಳ್ಳ ಒಂದೇ. ನಮ್ಮ ಕ್ರಿಯಾಪದ ಕೊನೆಗೆ ಬರುತ್ತದೆ. ಮಾಡ್ತೀನಿ, ನೋಡ್ತೀನಿ, ಹೋಗ್ತೀನಿ, ಬರ್ತೀನಿ. ಪ್ರಾಸ ಪುಕ್ಕಟೆ ಸಿಗುತ್ತದೆ. ಹತ್ತು ಸಾಲು ಆದಮೇಲೆ ಕಿವಿ ಸತ್ತುಹೋಗುತ್ತದೆ. ಆದ್ದರಿಂದ ಒಂದು ಕಟ್ಟುಪಾಡು ಹಾಕಿಕೊಂಡೆವು. ಒಂದೇ ಪ್ರತ್ಯಯದಲ್ಲಿ ಸತತ ಎರಡು ಸಾಲು ಮುಗಿಸುವಂತಿಲ್ಲ. ಆ ಕಟ್ಟುಪಾಡೇ ಅವನನ್ನು ಆದಿಪ್ರಾಸದ ಕಡೆ ದೂಡಿತು. ಸಾಲಿನ ಎರಡನೇ ಅಕ್ಷರ ಒಂದೇ ಆಗಿರಬೇಕು ಅನ್ನೋ ನಮ್ಮ ಹಳೇ ರೂಢಿ. "ಮಣ್ಣು ಮುಟ್ಟಿದ ಕೈಗೆ ಬಣ್ಣ ಬೇಕಿಲ್ಲ, ಕಣ್ಣು ಮುಚ್ಚಿದ ಊರಿಗೆ ಸುಣ್ಣ ಬಳಿದರೇನು?" ಮಣ್ಣು, ಬಣ್ಣ, ಕಣ್ಣು, ಸುಣ್ಣ. ಇಲ್ಲಿ ಪ್ರಾಸ ಸಾಲಿನ ಬಾಲದಲ್ಲಿಲ್ಲ, ತಲೆಯಲ್ಲಿದೆ. ಒತ್ತು ಇರುವ ಕಡೆಯೇ ಪ್ರಾಸವೂ ಇದೆ. ರನ್ನ ಹುಟ್ಟಿದ ಊರಿನ ಕಡೆಯವನು ಹೀಗೆ ಬರೆದಾಗ ನನಗೆ ತುಂಬಾ ಖುಷಿ ಆಯಿತು.

ಅವನು ಮೊದಲ ತಿಂಗಳು ಜಮೈಕಾದವರ ಹಾಗೆ ನಾಲಗೆ ತಿರುಗಿಸಿ ಹಾಡುತ್ತಿದ್ದ. ನನಗೆ ಹಿಡಿಸಲಿಲ್ಲ. ಆ ನಾಲಗೆ ಅವರದು. ಅದಕ್ಕಾಗಿ ಅವರು ಪಟ್ಟ ಪಾಡು ಅವರದು. ಪ್ಯಾಟ್ವಾ ಅಂದರೆ ಜಮೈಕಾದ ಜನ ಮನೆಯಲ್ಲಿ, ಸಂತೆಯಲ್ಲಿ ಆಡುವ ಮಾತು. ಶಾಲೆಯಲ್ಲಿ ಅದನ್ನು ಕೆಟ್ಟ ಇಂಗ್ಲಿಷ್ ಅಂತ ಬಹಳ ಕಾಲ ಬೈದರು. ಲೂಯಿಸ್ ಬೆನೆಟ್ ಅನ್ನೋ ಕವಿ ಅದರಲ್ಲೇ ಪದ್ಯ ಬರೆದು ತಲೆ ಎತ್ತಿ ನಿಂತರು. ನಾನು ಗೆಳೆಯನಿಗೆ ಕೇಳಿದೆ, "ನಿಮ್ಮ ಅಜ್ಜನ ಮಾತಿಗೂ ಇಲ್ಲಿ ಹಾಗೇ ನಗುತ್ತಾರಲ್ವಾ? ಅದರಲ್ಲೇ ಹಾಡು." ಮುಂದಿನ ದಿನ ಅವನು "ದುಡ್ಯಾಕತ್ತೀನಿ" ಅಂತ ಶುರು ಮಾಡಿದ. ಅದರಲ್ಲಿರುವ 'ತ್ತೀ' ನೋಡಿ, ಸ್ನೇರ್ ಮೇಲೆ ಬಿದ್ದಾಗ ಕಲ್ಲಿಗೆ ಸುತ್ತಿಗೆ ಬಿದ್ದ ಹಾಗೆ. 'ದುಡಿಯುತ್ತಿದ್ದೇನೆ' ಅಂದಿದ್ದರೆ ಆ ಪೆಟ್ಟು ಬರುತ್ತಿರಲಿಲ್ಲ. ಆಮೇಲೆ ಒಂಬತ್ತೂ ಹಾಡಿನಲ್ಲಿ ಅವನದೇ ಕನ್ನಡ. ಜಡೆಗೂದಲು, ಕೆಂಪು ಹಳದಿ ಹಸಿರು ಟೋಪಿ, ಗಾಂಜಾ ಎಲೆ ಇವೆಲ್ಲ ಕವರ್ ಮೇಲೆ ಬೇಡ ಅಂತಲೂ ಆವತ್ತೇ ತೀರ್ಮಾನ ಆಯಿತು. ಇವುಗಳ ಹಿಂದಿರುವ ರಾಸ್ತಫಾರಿ ಅನ್ನುವುದು ಜಮೈಕಾದ ಒಂದು ಧಾರ್ಮಿಕ ನಂಬಿಕೆ. ಇನ್ನೊಬ್ಬರ ನಂಬಿಕೆಯನ್ನು ವೇಷ ಮಾಡಿಕೊಳ್ಳಬಾರದು.

ವಾದ್ಯಗಳ ವಿಷಯಕ್ಕೆ ಬಂದರೆ, ಹೆಚ್ಚು ಹೊತ್ತು ಹೋಗಿದ್ದು ಬೇಸ್‌ಗೆ. ಸೆಕೆಂಡ್ ಹ್ಯಾಂಡ್ ಬೇಸ್ ಗಿಟಾರ್ ತಂದೆ. ತಂತಿ ಹೊಳೆಯುತ್ತಿತ್ತು, ದನಿಯೂ ಹೊಳೆಯುತ್ತಿತ್ತು. ರೆಗೆ ಬೇಸ್‌ಗೆ ಆ ಹೊಳಪು ಬೇಡ. ಅದು ಗುಂಡಗೆ, ಮೆತ್ತಗೆ, ಹೊಟ್ಟೆಗೆ ಕೇಳಬೇಕು. ನಯವಾದ ಫ್ಲ್ಯಾಟ್‌ವೂಂಡ್ ತಂತಿ ಹಾಕಿದೆ. ಪಾತ್ರೆ ತೊಳೆಯುವ ಸ್ಪಂಜನ್ನು ಬೆರಳಗಲ ಕತ್ತರಿಸಿ ಬ್ರಿಡ್ಜ್ ಹತ್ತಿರ ತಂತಿಗಳ ಕೆಳಗೆ ತುರುಕಿದೆ. ಟೋನ್ ಗುಂಡಿ ಪೂರ್ತಿ ಕೆಳಗೆ. ಹೆಬ್ಬೆರಳಿನ ಮಾಂಸದಿಂದ, ಕತ್ತಿನ ಹತ್ತಿರ ಮೀಟಿದೆ. ಆಗ ಬಂತು ಆ ದನಿ. ಸ್ವರ ಹುಟ್ಟಿ, ಒಂದು ಕ್ಷಣ ನಿಂತು, ತಾನಾಗಿ ಸಾಯುತ್ತದೆ. ಸತ್ತಮೇಲೆ ಉಳಿಯುವ ಜಾಗವೂ ಬೇಸ್‌ನ ಭಾಗವೇ ಅಂತ ಕಲಿತಿದ್ದು ಕಾರ್ಲ್‌ಟನ್‌ನ ಅಣ್ಣ, ವೇಲರ್ಸ್ ತಂಡದ ಬೇಸ್ ವಾದಕ ಆಸ್ಟನ್ ಬ್ಯಾರೆಟ್‌ನನ್ನು ಕೇಳಿ ಕೇಳಿ.

ರೆಗೆಯಲ್ಲಿ ಆರ್ಗನ್ ಒಂದು ಕೆಲಸ ಮಾಡುತ್ತದೆ, 'ಬಬಲ್' ಅಂತ. ಬಲಗೈ ಸ್ಕ್ಯಾಂಕ್ ಜೊತೆಗೆ, ಎಡಗೈ ಅದರ ಸಂದಿಯಲ್ಲಿ. ಅನ್ನ ಕುದಿಯುವ ಹಾಗೆ ಗುಳುಗುಳು ಅನ್ನುತ್ತಿರುತ್ತದೆ. ನಮ್ಮ ಹತ್ತಿರ ಆರ್ಗನ್ ಇರಲಿಲ್ಲ, ಹಾರ್ಮೋನಿಯಂ ಇತ್ತು. ಹಾರ್ಮೋನಿಯಂನಲ್ಲಿ ಎಡಗೈ ತಿದಿ ಒತ್ತಲು ಬೇಕು. ಎರಡು ಕೈಯ ಬಬಲ್ ನುಡಿಸುವುದು ಹೇಗೆ? ಗೆಳೆಯ ಎದುರಿಗೆ ಕೂತು ತಿದಿ ಒತ್ತಿದ, ನಾನು ಎರಡೂ ಕೈಯಲ್ಲಿ ನುಡಿಸಿದೆ. ಅವನು ತಾಳಕ್ಕೆ ಸರಿಯಾಗಿ ಒತ್ತಿದರೆ ದನಿ ಅಲೆಅಲೆಯಾಗಿ ಬರುತ್ತಿತ್ತು, ಸುಮ್ನೆ ಒಂದೇ ಸಮ ಒತ್ತಿದರೆ ಚಪ್ಪಟೆ. ಎರಡು ದಿನ ಅದನ್ನೇ ಮಾಡಿದೆವು. ಮೂರನೇ ಹಾಡಿನ ಶುರುವಿನಲ್ಲಿ ಕಿವಿಗೊಟ್ಟರೆ ತಿದಿಯ ಉಸಿರು ಕೇಳುತ್ತದೆ. ಅದನ್ನು ತೆಗೆಯಲು ಮನಸ್ಸು ಬರಲಿಲ್ಲ.

ಡ್ಯಾನ್ಸ್‌ಹಾಲ್ ಸ್ನೇರ್ ಜಾಗಕ್ಕೆ ತಮಟೆ ಹಾಕಿದೆವು. ಗೆಳೆಯನ ಕಡೆ ಅದಕ್ಕೆ ಹಲಗೆ ಅನ್ನುತ್ತಾರೆ. ತಮಟೆಯ ಚರ್ಮವನ್ನು ಬೆಂಕಿಗೆ ಕಾಯಿಸಬೇಕು, ಆಗಲೇ ಅದು ಬಿಗಿಯಾಗಿ ಮಾತಾಡುವುದು. ತಾರಸಿ ಮೇಲೆ ಹಳೇ ಪೇಪರ್ ಸುಟ್ಟು ಕಾಯಿಸಿ, ಓಡಿ ಕೆಳಗೆ ಬಂದು ಮೈಕ್ ಮುಂದೆ ಬಾರಿಸುವುದು. ಜೂನ್ ತಿಂಗಳು, ಹವಾ ತಂಪು. ಐದು ನಿಮಿಷಕ್ಕೆ ದನಿ ಇಳಿದುಹೋಗುತ್ತಿತ್ತು. ಮತ್ತೆ ಮೇಲೆ. ಒಂದು ಸಂಜೆಯಲ್ಲಿ ಹನ್ನೊಂದು ಸಲ ಮೆಟ್ಟಿಲು ಹತ್ತಿ ಇಳಿದಿದ್ದೇವೆ. ಸಿಕ್ಕಿದ ಒಳ್ಳೆಯ ಪೆಟ್ಟುಗಳು ಆರು. ಆ ಆರನ್ನೇ ಅದಲುಬದಲು ಮಾಡಿ ಇಡೀ ಆಲ್ಬಂನಲ್ಲಿ ಬಳಸಿದ್ದೇನೆ. ಒಂದೇ ಪೆಟ್ಟನ್ನು ನಕಲು ಮಾಡುತ್ತಾ ಹೋದರೆ ಕಿವಿಗೆ ತಕ್ಷಣ ಗೊತ್ತಾಗುತ್ತದೆ, ಆರು ಇದ್ದರೆ ಗೊತ್ತಾಗುವುದಿಲ್ಲ.

ಜಮೈಕಾದಲ್ಲಿ ಒಂದು ಪದ್ಧತಿ ಇದೆ. ಒಂದೇ ರಿಡಿಮ್ ಮೇಲೆ ಹತ್ತಾರು ಜನ ತಮ್ಮ ತಮ್ಮ ಹಾಡು ಹಾಡುತ್ತಾರೆ. ಸ್ಟೀವನ್ 'ಲೆಂಕಿ' ಮಾರ್ಸ್‌ಡೆನ್ ಮಾಡಿದ, 2002ರಲ್ಲಿ ಬಂದ ಒಂದು ಪ್ರಸಿದ್ಧ ರಿಡಿಮ್‌ಗೆ 'ದಿವಾಲಿ' ಅಂತಲೇ ಹೆಸರು. ಅದು ನಿಂತಿರುವುದು ಚಪ್ಪಾಳೆಯ ಮೇಲೆ. ಶಾನ್ ಪಾಲ್, ವೇಯ್ನ್ ವಂಡರ್ ಇಬ್ಬರಿಗೂ ಅದರ ಮೇಲೆ ದೊಡ್ಡ ಹಿಟ್ ಸಿಕ್ಕಿತು. ಹಾಡು ಬೇರೆ, ರಿಡಿಮ್ ಒಂದೇ. ಗೆಳೆಯನಿಗೆ ಇದನ್ನು ವಿವರಿಸಲು ಹೊರಟರೆ ಅವನು ಅರ್ಧಕ್ಕೇ ತಡೆದ. "ಮಟ್ಟು ಅನ್ರಿ" ಅಂದ. ನಿಜ. ನಾಟಕ ಕಂಪನಿ ಹಾಡು, ಬಯಲಾಟದ ಪದ, ಎಲ್ಲದರಲ್ಲೂ ಇಂಥ ಪದದ ಮಟ್ಟಿಗೆ ಅಂತ ಹೇಳಿ ಹೊಸ ಪದ ಕಟ್ಟುವುದು ನಮ್ಮಲ್ಲಿ ಇದ್ದದ್ದೇ.

ಅಲ್ಲಿಂದ ಆಲ್ಬಂನ ನಡುಭಾಗ ಹುಟ್ಟಿತು. ಅವರ ಅಜ್ಜನ ಕಾಲದಲ್ಲಿ ಹರದೇಶಿ, ನಾಗೇಶಿ ಅಂತ ಎರಡು ಮೇಳಗಳು ರಾತ್ರಿಯಿಡೀ ಸವಾಲು ಹಾಕಿ ಹಾಡುತ್ತಿದ್ದವು. ಹರದೇಶಿಯವರು ಗಂಡು ಹೆಚ್ಚು ಅಂತ, ನಾಗೇಶಿಯವರು ಹೆಣ್ಣು ಹೆಚ್ಚು ಅಂತ. ಒಬ್ಬರ ಸವಾಲಿಗೆ ಇನ್ನೊಬ್ಬರು ಅಲ್ಲೇ ಉತ್ತರ ಕಟ್ಟಬೇಕು. ಕಿಂಗ್‌ಸ್ಟನ್‌ನಲ್ಲಿ ಎರಡು ಸೌಂಡ್ ಸಿಸ್ಟಂಗಳು ಎದುರುಬದುರು ನಿಂತು ನಡೆಸುವ 'ಕ್ಲ್ಯಾಶ್' ಕೂಡ ಇದೇ ಜಾತಿಯ ಜಗಳ. ನಾವು ಒಂದೇ ರಿಡಿಮ್ ಮೇಲೆ ಐದನೇ ಮತ್ತು ಆರನೇ ಹಾಡು ಮಾಡಿದೆವು. ಐದರಲ್ಲಿ ಗೆಳೆಯ, ಊರು ಬಿಟ್ಟು ಬಂದು ದುಡಿಯುವ ತನ್ನ ಕಷ್ಟ ಹೇಳುತ್ತಾನೆ. ಆರರಲ್ಲಿ ಅವನ ಅಕ್ಕ ಉತ್ತರ ಕೊಡುತ್ತಾಳೆ. ಊರಲ್ಲೇ ಉಳಿದು ಹೊಲ, ಎಮ್ಮೆ, ಅವ್ವನ ಔಷಧಿ ನೋಡಿಕೊಂಡವಳ ಉತ್ತರ. ಅವಳು ಮೊದಲು ಯಾವತ್ತೂ ಮೈಕ್ ಮುಂದೆ ಹಾಡಿರಲಿಲ್ಲ. ಎರಡೇ ಟೇಕ್. ಎರಡನೆಯದು ಮುಗಿದಾಗ ಗೆಳೆಯ ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತಿದ್ದ. ಇಡೀ ಆಲ್ಬಂನಲ್ಲಿ ನನಗೆ ತುಂಬಾ ಇಷ್ಟದ್ದು ಆರನೇ ಹಾಡೇ.

ಕೊನೆಯ ಹಾಡು ಡಬ್. ಅಂದರೆ ಮೊದಲ ಹಾಡನ್ನೇ ಬಿಚ್ಚಿ, ದನಿ ತೆಗೆದು, ಡ್ರಮ್ ಮತ್ತು ಬೇಸ್ ಮಾತ್ರ ಉಳಿಸಿ, ಉಳಿದದ್ದನ್ನು ಆಗಾಗ ಮಿಂಚಿಸಿ ಮಾಯ ಮಾಡುವುದು. ಈ ಕಲೆಗೆ ದಾರಿ ಹಾಕಿದ ಕಿಂಗ್ ಟಬ್ಬಿ ಮೂಲತಃ ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಮಾಡುತ್ತಿದ್ದವನು. ಅವನ ಕೈಗೆ ಮಿಕ್ಸರ್ ಕೂಡ ಒಂದು ವಾದ್ಯವೇ ಆಗಿತ್ತು. ನಾನು ಮಾಡಿದ್ದು ಇಷ್ಟು. 150 ಬಿಪಿಎಂನಲ್ಲಿ ಒಂದು ಎಣಿಕೆ 400 ಮಿಲಿಸೆಕೆಂಡ್. ಅದರ ಒಂದೂವರೆ ಪಟ್ಟು 600. ಎಕೋವನ್ನು 600ಕ್ಕೆ ಇಟ್ಟೆ. ಆಗ ಮೊದಲ ಮರುದನಿ ತಾಳದ ಸಂದಿಯಲ್ಲಿ ಬೀಳುತ್ತದೆ, ತಾಳದ ಮೇಲೆ ಬೀಳುವುದಿಲ್ಲ. ಮರುದನಿಯಲ್ಲಿ ಕೆಳಗಿನ ಮತ್ತು ಮೇಲಿನ ಫ್ರೀಕ್ವೆನ್ಸಿ ಕತ್ತರಿಸಿದೆ, ದೂರದ ಬಾವಿಯಿಂದ ಬಂದ ಹಾಗೆ. ಆಮೇಲೆ ಇಡೀ ಹಾಡನ್ನು ಓಡಿಸುತ್ತಾ ಕೈಯಲ್ಲೇ ಒಂದೊಂದು ಟ್ರ್ಯಾಕ್ ಮುಚ್ಚಿ ತೆರೆದೆ. ಮೌಸ್‌ನಲ್ಲಿ ಗೆರೆ ಎಳೆದು ಮಾಡಿದ್ದು ಸತ್ತ ಹಾಗಿತ್ತು. ಸಣ್ಣ ಕಂಟ್ರೋಲರ್ ತಂದು ಬೆರಳಲ್ಲಿ ಮಾಡಿದಾಗ ಜೀವ ಬಂತು. ಒಂಬತ್ತನೇ ಪ್ರಯತ್ನ ಉಳಿಸಿಕೊಂಡೆ.

ಮಾಸ್ಟರಿಂಗ್‌ನಲ್ಲಿ, ಅಂದರೆ ಮಿಕ್ಸ್ ಆದ ಹಾಡಿನ ದನಿಯ ಮಟ್ಟ ಹದ ಮಾಡುವ ಕೊನೆಯ ಹಂತದಲ್ಲಿ, ಪೆಟ್ಟು ತಿಂದೆವು. ದುಡ್ಡು ಕೊಟ್ಟು ಹೊರಗಿನವರೊಬ್ಬರಿಂದ ಮಾಡಿಸಿದೆವು. ಫೈಲ್ ಬಂತು, ಜೋರು ಅಂದರೆ ಜೋರು. ಮೊದಲು ಖುಷಿಯಾಯಿತು. ಮಾರನೇ ದಿನ ಕೇಳಿದರೆ ಬೇಸ್ ಹರಿದುಹೋಗಿತ್ತು, ಮೊದಲ ಪೆಟ್ಟಿನ ಮೌನವೂ ತುಂಬಿಹೋಗಿತ್ತು. ಎಲ್ಲವನ್ನೂ ಒಂದೇ ಮಟ್ಟಕ್ಕೆ ಒತ್ತಿದರೆ ಹಾರ್ಮೋನಿಯಂ ಬಾಲ, ರೂಮಿನ ಗುಂಯ್, ಎಲ್ಲ ಎದ್ದು ಬಂದು ಆ ಖಾಲಿ ಜಾಗದಲ್ಲಿ ಕೂರುತ್ತವೆ. ಅಷ್ಟು ಜೋರು ಮಾಡಿ ಪ್ರಯೋಜನವೂ ಇಲ್ಲ. ಸ್ಪಾಟಿಫೈ ಮಾಮೂಲಿ ಸೆಟ್ಟಿಂಗ್‌ನಲ್ಲಿ ಎಲ್ಲ ಹಾಡನ್ನೂ ಮೈನಸ್ 14 ಎಲ್‌ಯುಎಫ್‌ಎಸ್ (ದನಿಯ ಜೋರು ಅಳೆಯುವ ಮಾನ) ಮಟ್ಟಕ್ಕೆ ತಂದು ನುಡಿಸುತ್ತದೆ. ಜೋರು ಮಾಡಿದ್ದನ್ನು ಅದು ಇಳಿಸುತ್ತದೆ, ಹರಿದ ಬೇಸ್ ಮಾತ್ರ ಹಾಗೇ ಉಳಿಯುತ್ತದೆ. ಕೊಟ್ಟ ದುಡ್ಡು ಹೋಯಿತು. ನಾನೇ ಕೂತು ಮೂರು ವಾರ ಕಲಿತು ಮಾಡಿದೆ.

ಇನ್ನೊಂದು ಕಷ್ಟ, ಫೋನು. ಬೇಸ್‌ನ ಜೀವ ಇರುವುದು 40ರಿಂದ 80 ಹರ್ಟ್ಸ್ ನಡುವೆ. ಫೋನಿನ ಸ್ಪೀಕರ್‌ಗೆ ಅಷ್ಟು ಕೆಳಗೆ ಇಳಿಯಲು ಆಗುವುದಿಲ್ಲ. ನಮ್ಮ ಹಾಡನ್ನು ಜನ ಮೊದಲು ಕೇಳುವುದು ಫೋನಿನಲ್ಲೇ ಅಲ್ವಾ? ಬೇಸ್‌ನ ಇನ್ನೊಂದು ಪ್ರತಿ ಮಾಡಿ, ಅದಕ್ಕೆ ಸ್ವಲ್ಪ ಸ್ಯಾಚುರೇಷನ್ (ದನಿಯನ್ನು ತುಸು ಒರಟು ಮಾಡುವ ಎಫೆಕ್ಟ್) ಕೊಟ್ಟು, 150 ಹರ್ಟ್ಸ್ ಮೇಲಿನ ಭಾಗವನ್ನು ಮಾತ್ರ ಮೆಲ್ಲಗೆ ಬೆರೆಸಿದೆ. ಆಗ ಕೆಳಗಿನ ಸ್ವರ ಇಲ್ಲದಿದ್ದರೂ ಕಿವಿ ಅದನ್ನು ಊಹಿಸಿಕೊಳ್ಳುತ್ತದೆ.

ಕಾಗದದ ಕೆಲಸ ಬೇಗ ಮುಗಿಯಿತು. ಮೊದಲ ಹಾಡಿಗೂ ಮುಂಚೆಯೇ ಇಬ್ಬರಿಗೂ 50-50 ಅಂತ ಬರೆದು ಸಹಿ ಹಾಕಿದ್ದೆವು. ಆರನೇ ಹಾಡಿನಲ್ಲಿ ಅಕ್ಕನಿಗೂ ಪಾಲು. ಸ್ನೇಹ ಇದ್ದರೂ ಬರೆದುಕೊಳ್ಳಿ, ಸ್ನೇಹ ಇರುವುದರಿಂದಲೇ ಬರೆದುಕೊಳ್ಳಿ.

ಬಿಡುಗಡೆಗೆ ಎರಡು ವಾರ ಮುಂಚೆ ಮುಧೋಳಕ್ಕೆ ಹೋದೆವು. ಘಟಪ್ರಭೆಯ ದಂಡೆಯ ಕಪ್ಪು ಮಣ್ಣು, ಕಣ್ಣು ಹಾಯುವಷ್ಟೂ ಕಬ್ಬು. ಅಲ್ಲಿ ಕಬ್ಬಿನ ಟ್ರ್ಯಾಕ್ಟರ್‌ಗಳಿಗೆ ದೊಡ್ಡ ದೊಡ್ಡ ಸ್ಪೀಕರ್ ಕಟ್ಟಿಸುತ್ತಾರೆ. ಅದಕ್ಕೆ 'ಟೇಪ್' ಅನ್ನುತ್ತಾರೆ. ರಾತ್ರಿ ಫ್ಯಾಕ್ಟರಿ ಮುಂದೆ ಸಾಲುಗಟ್ಟಿ ನಿಂತಾಗ ಒಂದೊಂದು ಟ್ರ್ಯಾಕ್ಟರೂ ಒಂದೊಂದು ಸೌಂಡ್ ಸಿಸ್ಟಂ. ಜಮೈಕಾ ಕೂಡ ಕಬ್ಬಿನ ನಾಡು. 1845ರಿಂದ ನಮ್ಮ ದೇಶದ ಕೂಲಿಗಳನ್ನು ಹಡಗಿನಲ್ಲಿ ಅಲ್ಲಿಗೆ ಕರೆದೊಯ್ದದ್ದು ಕಬ್ಬಿನ ತೋಟಗಳಿಗಾಗಿಯೇ. ಆ ಹೊಲದ ಬದುವಿನ ಮೇಲೆ ನಿಂತಾಗ ಇದೆಲ್ಲ ತಲೆಯಲ್ಲಿ ಓಡುತ್ತಿತ್ತು.

ಗೆಳೆಯನ ಚಿಕ್ಕಪ್ಪನ ಮಗನ ಟ್ರ್ಯಾಕ್ಟರ್‌ಗೆ ಪೆನ್‌ಡ್ರೈವ್ ಹಾಕಿದೆವು. ಕಬ್ಬು ಕಡಿದು ಹೊರೆ ಕಟ್ಟುತ್ತಿದ್ದ ಹತ್ತು ಹನ್ನೆರಡು ಜನ ಇದ್ದರು. ಮೊದಲ ಹಾಡು ಶುರುವಾಯಿತು. ಬೇಸ್ ಬಂದಾಗ ಟ್ರೈಲರ್‌ನ ತಗಡು ಗಡಗಡ ಅಂದಿತು. ನನಗೆ ಎದೆ ಹೊಡೆದುಕೊಳ್ಳುತ್ತಿತ್ತು, ಯಾಕೆಂದರೆ ಪದ ಬರುವ ಮುಂಚೆ ಎಂಟು ಬಾರ್ ಬರೀ ಒನ್ ಡ್ರಾಪ್. ಜನಪದ ಹಾಡಿನ ಸರಸರ ಓಟಕ್ಕೆ ಒಗ್ಗಿದ ಕಿವಿಗಳು. ಹೊರೆ ಹೊತ್ತ ಒಬ್ಬ ಹಿರಿಯರು ಟ್ರೈಲರ್‌ಗೆ ಹಾಕಿದ ಹಲಗೆಯ ಮೇಲೆ ಹತ್ತುತ್ತಿದ್ದರು. ಎರಡು ಬಾರ್ ಸುಮ್ನೆ ಹತ್ತಿದರು. ಮೂರನೇ ಬಾರ್‌ನಲ್ಲಿ ಅವರ ಹೆಜ್ಜೆ ಸರಿಯಾಗಿ ಒಂದರ ಮೇಲೆ ಬಿತ್ತು. ಧಪ್. ನಾವು ಖಾಲಿ ಬಿಟ್ಟ ಜಾಗದಲ್ಲಿ. ಮುಂದಿನ ಬಾರ್‌ನಲ್ಲೂ ಧಪ್. ಮೇಲೆ ಹೋಗಿ ಹೊರೆ ಎಸೆದು, ಕೆಳಗೆ ಇಳಿಯುವಾಗಲೂ ಅದೇ ತಾಳ. ಗೆಳೆಯ ನನ್ನ ತೋಳು ಹಿಡಿದುಕೊಂಡ. ಇಬ್ಬರೂ ಮಾತಾಡಲಿಲ್ಲ.

ನಾಲ್ಕನೇ ಹಾಡಿನಲ್ಲಿ ಮಾತ್ರ 60 ಹರ್ಟ್ಸ್ ಸುತ್ತ ತಗಡು ಜಾಸ್ತಿ ನಡುಗುತ್ತಿತ್ತು, ಪದ ಮುಚ್ಚಿಹೋಗುತ್ತಿತ್ತು. ಬದುವಿನ ಮೇಲೆ ಲ್ಯಾಪ್‌ಟಾಪ್ ತೆರೆದು ಅಲ್ಲಿ ಎರಡು ಡೆಸಿಬಲ್ ಇಳಿಸಿದೆ. ಮತ್ತೆ ಹಾಕಿ ಕೇಳಿದೆವು. ಅಷ್ಟರಲ್ಲಿ ಟ್ರ್ಯಾಕ್ಟರ್ ತುಂಬಿತ್ತು. ಚಿಕ್ಕಪ್ಪನ ಮಗ ಪೆನ್‌ಡ್ರೈವ್ ವಾಪಸ್ ಕೊಡಲಿಲ್ಲ. ಹಾಡು ಹಾಕಿಕೊಂಡೇ ಫ್ಯಾಕ್ಟರಿ ಕಡೆ ಹೊರಟ. ರಸ್ತೆ ತಿರುವು ದಾಟಿ ಟ್ರ್ಯಾಕ್ಟರ್ ಕಾಣದಾದ ಮೇಲೂ ಬೇಸ್ ಕೇಳುತ್ತಲೇ ಇತ್ತು.